ತಾತನ ಡಬ್ಬಿಯ ನುಣುಪು ಕಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರನ್ನು ಕಲ್ಲುಗಳು ಹುಡುಕಿಕೊಂಡು ಬರುತ್ತವೆ. ಮದುವೆಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಕರವಸ್ತ್ರದ ಗಂಟು ಬಿಚ್ಚುತ್ತಾರೆ. ‘ನಮ್ಮ ತಾತನವು, ಏನೆಂದು ನೋಡಿ ಹೇಳಿ’ ಎನ್ನುತ್ತಾರೆ. ಗಂಟಿನಲ್ಲಿ ಗೋಲಿಯಷ್ಟು, ನೆಲ್ಲಿಕಾಯಿಯಷ್ಟು ಗಾತ್ರದ ಹೊಳೆಯುವ ಕಲ್ಲುಗಳು. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಆ ಪ್ರಶ್ನೆಗಳನ್ನೂ ನಾನು ಹೇಳುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಅಟ್ಟದ ಮೇಲೆ ತಾತನ ಕಲ್ಲಿನ ಡಬ್ಬಿ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಏನೂ ಮಾಡಬೇಡಿ. ತೊಳೆಯಬೇಡಿ, ತಟ್ಟೆಗೆ ಸುರಿಯಬೇಡಿ, ಬಣ್ಣ ನೋಡಿ ಗುಂಪು ಮಾಡಬೇಡಿ. ಡಬ್ಬಿ ಇರುವ ಹಾಗೆಯೇ ನಾಲ್ಕಾರು ಫೋಟೊ ತೆಗೆಯಿರಿ. ಒಳಗೆ ಸಣ್ಣ ಪೊಟ್ಟಣಗಳಿದ್ದರೆ ಒಂದೊಂದನ್ನೂ ಅದರದೇ ಕಾಗದದ ಜೊತೆ ಬೇರೆ ಚೀಲಕ್ಕೆ ಹಾಕಿ. ಮಡಚಿದ ಪತ್ರಿಕೆಯ ಚೂರು, ಬಸ್ ಟಿಕೆಟ್, ಅಂಗಡಿಯ ಚೀಟಿ ಯಾವುದನ್ನೂ ಕಸವೆಂದು ಎಸೆಯಬೇಡಿ.

ಇದನ್ನು ಪೆಟ್ಟು ತಿಂದು ಕಲಿತವನಾಗಿ ಹೇಳುತ್ತಿದ್ದೇನೆ. ನಮ್ಮ ತಾತ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಅವರು ತೀರಿಕೊಂಡ ವರ್ಷ ದೀಪಾವಳಿಗೆ ಮನೆ ಸುಣ್ಣ ಹೊಡೆಸುವಾಗ ಮೂರು ಬಟ್ಟೆ ಚೀಲಗಳು ಸಿಕ್ಕವು. ಮಕ್ಕಳಿಗೆ ಖುಷಿಯಾಗಲೆಂದು ಮೂರನ್ನೂ ಒಂದೇ ಬೋಗುಣಿಗೆ ಸುರಿದು, ಸೋಪು ನೀರಿನಲ್ಲಿ ತೊಳೆದು, ಚೀಲಗಳನ್ನು ನೆಲ ಒರೆಸಲು ಹಾಕಿಕೊಂಡೆವು. ಚೀಲದ ಅಂಚಿನಲ್ಲಿ ಶಾಯಿಯಲ್ಲಿ ಊರಿನ ಹೆಸರು ಬರೆದಿತ್ತೆಂದು ಅತ್ತೆ ಹೇಳಿದ್ದು ಎರಡು ವರ್ಷದ ಮೇಲೆ. ಆಗ ನಾನು ಭೂವಿಜ್ಞಾನದ ಎರಡನೆಯ ವರ್ಷದ ವಿದ್ಯಾರ್ಥಿ. ನಾಚಿಕೆಯ ಸಂಗತಿ.

ಕಲ್ಲೇ ಕೈಯಲ್ಲಿರುವಾಗ ಚೀಟಿಯೇಕೆ ಬೇಕು?

ಖನಿಜವನ್ನು ಗುರುತಿಸುವವರು ನೋಡುವುದು ಹರಳಿನ ಮೈಯ ಆಕಾರ, ಅದು ಒಡೆಯುವ ರೀತಿ, ಅಂಟಿಕೊಂಡಿರುವ ತಾಯಿಕಲ್ಲು. ನುಣುಪು ಮಾಡುವ ಯಂತ್ರ ಈ ಮೂರನ್ನೂ ತಿಂದುಹಾಕಿರುತ್ತದೆ. ಉಳಿಯುವುದು ಬಣ್ಣ, ಗಡಸುತನ, ತೂಕ ಮತ್ತು ಒಳಗಿನ ವಿನ್ಯಾಸ. ಬಣ್ಣವಂತೂ ಸುಳ್ಳು ಸಾಕ್ಷಿ. ಹೀಗಿರುವಾಗ ‘ತಾತ ಖಂಭಾತಿಗೆ (ಕಲ್ಲು ನುಣುಪು ಮಾಡುವ ಗುಜರಾತಿನ ಊರು) ಹೋಗಿದ್ದರು’ ಎಂಬ ಒಂದು ಮಾತು ಅರ್ಧ ಕೆಲಸ ಮುಗಿಸಿಬಿಡುತ್ತದೆ. ಹಾಗಾಗಿ ಕಲ್ಲಿಗಿಂತ ಮೊದಲು ಮನೆಯ ಹಿರಿಯರನ್ನು ಪರೀಕ್ಷಿಸಿ: ತಾತ ಯಾವ ಕೆಲಸದಲ್ಲಿದ್ದರು, ಎಲ್ಲೆಲ್ಲಿ ವರ್ಗವಾಗಿತ್ತು, ಯಾವ ಯಾತ್ರೆಗೆ ಹೋಗಿದ್ದರು, ವಿದೇಶದಿಂದ ಯಾರಾದರೂ ತಂದುಕೊಟ್ಟಿದ್ದರೇ?

ಇವು ಹೀಗೆ ನುಣುಪಾಗುವುದು ಹೇಗೆ?

ಒರಟು ಕಲ್ಲಿನ ಚೂರುಗಳನ್ನು ರಬ್ಬರ್ ಒಳಮೈಯ ಪೀಪಾಯಿಗೆ ಮುಕ್ಕಾಲು ತುಂಬಿ, ನೀರು ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿ ಹಾಕಿ ಹಗಲೂ ರಾತ್ರಿ ಉರುಳಿಸುತ್ತಾರೆ. ಮೊದಲು ತರಿ ಪುಡಿ, ಆಮೇಲೆ ಇನ್ನೂ ನಯವಾದದ್ದು, ಕೊನೆಗೆ ಸೀರಿಯಂ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಹೊಳಪುಪುಡಿ. ಒಂದೊಂದು ಹಂತಕ್ಕೆ ಸುಮಾರು ವಾರ. ಒಟ್ಟು ತಿಂಗಳ ಕೆಲಸ. ನದಿ ಸಾವಿರಾರು ವರ್ಷ ಮಾಡುವುದನ್ನು ಪೀಪಾಯಿ ತಿಂಗಳಿನಲ್ಲಿ ಮಾಡುತ್ತದೆ, ಅದೂ ಕನ್ನಡಿಯ ಹೊಳಪಿನೊಂದಿಗೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಸರಾದ ಊರು ಗುಜರಾತಿನ ಖಂಭಾತ್. ಅಲ್ಲಿಯವರು ಅಗೇಟ್ ಎಂಬ ಪಟ್ಟೆಪಟ್ಟೆಯ ಕಲ್ಲನ್ನು ಅಕೀಕ್ ಎನ್ನುತ್ತಾರೆ. ಕಲ್ಲು ಬರುವುದು ಭರೂಚ್ ಜಿಲ್ಲೆಯ ರತನ್‌ಪುರದ ಗಣಿಗಳಿಂದ. ವಿದ್ಯುತ್ ಪೀಪಾಯಿ ಬರುವ ಮುಂಚೆ ಮಣಿಗಳನ್ನು ಸಾಣೆಪುಡಿಯ ಜೊತೆ ತೊಗಲಿನ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ಈ ಕಸುಬಿನ ವಂಶವೃಕ್ಷ ಸಿಂಧೂ ನಾಗರಿಕತೆಗೆ ಹೋಗಿ ಮುಟ್ಟುತ್ತದೆ. ಲೋಥಲ್‌ನಲ್ಲಿ ಮಣಿ ಮಾಡುವ ಕಾರ್ಖಾನೆಯ ಅವಶೇಷ ಸಿಕ್ಕಿದೆ. ಸಿಂಧೂ ಕಣಿವೆಯ ಕೆಂಪು ಕಾರ್ನೀಲಿಯನ್ ಮಣಿಗಳು ಮೆಸೊಪೊಟೇಮಿಯಾದ ಉರ್ ನಗರದ ಸಮಾಧಿಗಳಲ್ಲಿ ಸಿಕ್ಕಿವೆ.

ಯಂತ್ರದಲ್ಲಿ ಉರುಳಿದ್ದು ಯಾವುದು, ಹೊಳೆಯಲ್ಲಿ ಉರುಳಿದ್ದು ಯಾವುದು?

ಹೊಳೆಯ ಕಲ್ಲು ಒದ್ದೆಯಾದಾಗ ಹೊಳೆಯುತ್ತದೆ, ಒಣಗಿದ ಮೇಲೆ ಮಂಕಾಗುತ್ತದೆ. ಯಂತ್ರದ ಕಲ್ಲು ಒಣಗಿದರೂ ಹೊಳೆಯುತ್ತದೆ, ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರ ಗೆರೆಯಾಗಿ ಕಾಣುತ್ತದೆ. ಗಟ್ಟಿ ಹೊಳೆಗಲ್ಲಿನ ಮೇಲೆ ಭೂತಗನ್ನಡಿ ಹಿಡಿದರೆ ಉಗುರಿನ ಗುರುತಿನಂಥ ಸಣ್ಣ ಸಣ್ಣ ಅರ್ಧಚಂದ್ರಗಳು ಕಾಣಬಹುದು. ಪ್ರವಾಹದಲ್ಲಿ ಕಲ್ಲಿಗೆ ಕಲ್ಲು ಬಡಿದ ಕಲೆಗಳವು. ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿ ಗುಮ್ಮಟದಂತಿದ್ದರೆ ಅದು ಉರುಳಿಸಿದ್ದಲ್ಲ; ಉಂಗುರಕ್ಕೋ ಪದಕಕ್ಕೋ ಕೂರಿಸಲು ಸಾಣೆ ಹಿಡಿದದ್ದು.

ಡಬ್ಬಿಯಲ್ಲಿ ಹೆಚ್ಚಾಗಿ ಏನಿರುತ್ತದೆ?

ಬೆಣಚುಕಲ್ಲು. ಬೇಸರವಾಯಿತೇ? ಅಗೇಟ್, ಕಾರ್ನೀಲಿಯನ್, ಜಾಸ್ಪರ್, ಅಮೆಥಿಸ್ಟ್, ಗುಲಾಬಿ ಕ್ವಾರ್ಟ್ಜ್, ಅವೆಂಚುರಿನ್, ಹುಲಿಗಣ್ಣು, ಸ್ಫಟಿಕ ಎಲ್ಲವೂ ಬೆಣಚಿನ ಕುಲದವೇ. ಗಟ್ಟಿ, ಸೀಳಿಕೊಳ್ಳುವುದಿಲ್ಲ, ಚೆನ್ನಾಗಿ ಹೊಳಪು ಹಿಡಿಯುತ್ತದೆ, ಅಗ್ಗವಾಗಿ ಸಿಗುತ್ತದೆ. ಪೀಪಾಯಿ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಬೇಡ. ಆದ್ದರಿಂದ ಯಾವ ಕಲ್ಲನ್ನು ಕೈಗೆತ್ತಿಕೊಂಡರೂ ‘ಇದು ಬೆಣಚೇ, ಅಲ್ಲವೇ’ ಎಂಬುದೇ ಮೊದಲ ಪ್ರಶ್ನೆ. ಅಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಡಬ್ಬಿ ಖಾಲಿ.

ಗಡಸುತನವನ್ನು ಮನೆಯಲ್ಲಿ ನೋಡಬಹುದೇ? ಕಲ್ಲು ಹಾಳಾಗುವುದಿಲ್ಲವೇ?

ಎಚ್ಚರದಿಂದ ಮಾಡಿದರೆ ಆಗುವುದಿಲ್ಲ. ಫ್ರೀಡ್ರಿಕ್ ಮೋಸ್ 1812ರಲ್ಲಿ ಕೊಟ್ಟ ಹತ್ತು ಮೆಟ್ಟಿಲಿನ ಅಳತೆ ಇಂದಿಗೂ ನಡೆಯುತ್ತಿದೆ: ಬಳಪದ ಕಲ್ಲಿನ ಖನಿಜ ಟಾಲ್ಕ್ 1, ವಜ್ರ 10. ನಮ್ಮ ಉಗುರು ಎರಡೂವರೆ, ತಾಮ್ರದ ಹಳೆಯ ಕಾಸು ಸುಮಾರು 3, ಕಿಟಕಿಯ ಗಾಜು ಐದೂವರೆ, ಬೆಣಚು 7.

ಕಲ್ಲಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ, ಉಕ್ಕಿನ ಸೂಜಿಯಿಂದ ಒಂದು ಮಿಲಿಮೀಟರಿನಷ್ಟು ಎಳೆಯಿರಿ. ಬೆರಳಿನಿಂದ ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಬೂದು ಗೆರೆ ಒರೆಸಿದರೆ ಹೋಯಿತೆಂದರೆ ಸವೆದದ್ದು ಸೂಜಿ. ಕಲ್ಲು ಉಕ್ಕಿಗಿಂತ ಗಟ್ಟಿ. ಗೆರೆ ಉಳಿದು ಕಲ್ಲಿನ ಪುಡಿ ಬಂದರೆ ಕಲ್ಲು ಮೆದು: ಕ್ಯಾಲ್ಸೈಟ್, ಫ್ಲೋರೈಟ್, ಸರ್ಪೆಂಟೀನ್, ಮಾಲಕೈಟ್ ಇಂಥವುಗಳಲ್ಲಿ ಒಂದು. ಪುಸ್ತಕಗಳು ಹೇಳುವಂತೆ ಕಲ್ಲಿನಿಂದ ಗಾಜನ್ನು ಗೀಚಲು ಹೋದರೆ ನುಣುಪು ಕಲ್ಲು ಜಾರುತ್ತದೆ, ಅದಕ್ಕೆ ಮೊನೆಯೇ ಇಲ್ಲ. ದೇವರ ಪೆಟ್ಟಿಗೆಯ ಕಲ್ಲುಗಳ ಮೇಲೆ ಈ ಪ್ರಯೋಗ ಬೇಡ. ಕಾರಣ ಮುಂದೆ ಹೇಳಿದ್ದೇನೆ.

ಒಂದೇ ಪರೀಕ್ಷೆ ಮಾಡುವುದಾದರೆ ಯಾವುದು?

ತೂಕ. ಇದರಷ್ಟು ಪ್ರಾಮಾಣಿಕವಾದ, ಕಲ್ಲಿಗೆ ನೋವಾಗದ ಪರೀಕ್ಷೆ ಇನ್ನೊಂದಿಲ್ಲ. ಗ್ರಾಮಿನ ನೂರನೆಯ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅಡುಗೆಮನೆಯ ತಕ್ಕಡಿ ಸಣ್ಣ ಕಲ್ಲಿಗೆ ಸಾಲದು.

ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ, ಕೈಯಲ್ಲಿ ಹಿಡಿದು, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರವೆಂಬುದು, ಸಿಕ್ಕಿತು. ಆರ್ಕಿಮಿಡೀಸನಿಗೆ ತಕ್ಕಡಿ ಇಷ್ಟು ಸುಲಭವಾಗಿ ಸಿಕ್ಕಿರಲಿಲ್ಲ.

ಪರಿಚಿತರೊಬ್ಬರು ಅಜ್ಜಿಯ ಮಾಣಿಕ್ಯವೆಂದು ಎರಡು ಕೆಂಪು ಕಲ್ಲು ತಂದಿದ್ದರು. ದೊಡ್ಡದು 15.9 ಗ್ರಾಂ, ನೀರಿನಲ್ಲಿ 6.0. ಭಾಗಿಸಿದರೆ 2.65, ಅಪ್ಪಟ ಬೆಣಚು, ಅಂದರೆ ಕಾರ್ನೀಲಿಯನ್. ಮೂಲೆಯಲ್ಲಿ ಬಿದ್ದಿದ್ದ ಕಪ್ಪುಗೆಂಪು ಚೂರು 12.0 ಗ್ರಾಂ, ನೀರಿನಲ್ಲಿ 3.0. ಅಲ್ಲಿಗೆ 4.0! ಬೆಣಚು ಹಾಗೆ ತೂಗಲಾರದು. ಗಾರ್ನೆಟ್ ಇರಬೇಕು, ಇಲ್ಲವೇ ಕುರುಂದ. ಮಾಣಿಕ್ಯವೂ ನೀಲವೂ ಕುರುಂದವೇ. ಅವರು ಅಷ್ಟು ದಿನ ಜೋಪಾನ ಮಾಡಿದ್ದು ದೊಡ್ಡದನ್ನು.

ಕೆಲವು ಅಂಕಿಗಳನ್ನು ನೆನಪಿನಲ್ಲಿಡಿ: ಸಾಮಾನ್ಯ ಗಾಜು 2.4ರಿಂದ 2.6, ಚಂದ್ರಕಾಂತ ಶಿಲೆ ಸುಮಾರು 2.56, ಕ್ಯಾಲ್ಸೈಟ್ 2.71, ಫ್ಲೋರೈಟ್ 3.18, ಮಾಲಕೈಟ್ 4ರ ಹತ್ತಿರ, ಹೆಮಟೈಟ್ 5ರ ಆಸುಪಾಸು. ಕಲ್ಲುಗಳು ತೀರಾ ಸಣ್ಣವಿದ್ದು ಎಲ್ಲವೂ ಒಂದೇ ಜಾತಿಯವೆಂದು ಕಂಡರೆ ಹತ್ತಾರನ್ನು ಬಲೆಬಟ್ಟೆಯಲ್ಲಿ ಕಟ್ಟಿ ಒಟ್ಟಿಗೆ ತೂಗಿ, ತಪ್ಪು ಕಡಿಮೆಯಾಗುತ್ತದೆ. ಒಂದು ಬೇರೆ ಜಾತಿಯದು ಸೇರಿಕೊಂಡರೂ ಲೆಕ್ಕ ಕೆಡುತ್ತದೆ, ಅಷ್ಟೆ.

ಹಸಿರು ಕಲ್ಲು ಪಚ್ಚೆಯೇ?

ಇಲ್ಲ ಎಂದು ಕಣ್ಣು ಮುಚ್ಚಿ ಹೇಳಿದರೂ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಹೋಗುತ್ತದೆ. ಒಳಗೆ ಕಾಗೆಬಂಗಾರದ ಚೂರುಗಳಂತೆ ಮಿನುಗುವ ಹಸಿರು ಚುಕ್ಕೆಗಳಿದ್ದರೆ ಅದು ಅವೆಂಚುರಿನ್. ಮಿನುಗು ಬರುವುದು ಫುಕ್ಸೈಟ್ ಎಂಬ ಕ್ರೋಮಿಯಂ ಇರುವ ಅಭ್ರಕದಿಂದ. ವ್ಯಾಪಾರಿಗಳು ಇದನ್ನು ‘ಭಾರತದ ಜೇಡ್’ ಎಂದೂ ಮಾರುತ್ತಾರೆ. ಜೇಡ್ ಎಂಬ ಬೇರೆಯೇ ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕರ್ನಾಟಕದವರು ಸ್ವಲ್ಪ ಬೀಗಬಹುದು. ಹಳೆಯ ಮೈಸೂರು ಸೀಮೆ ಈ ಕಲ್ಲಿಗೆ ಹೆಸರಾದದ್ದು, ಫುಕ್ಸೈಟ್ ಬೆರೆತ ಹಸಿರು ಬೆಣಚುಶಿಲೆ ನಮ್ಮ ನೆಲದಲ್ಲಿ ಪಟ್ಟಿಯಂತೆ ಹಬ್ಬಿದ ಪುರಾತನ ಶಿಲೆಗಳಲ್ಲಿ ಹಲವೆಡೆ ಇದೆ.

ಕಡುಹಸಿರಿನ ಮೇಲೆ ರಕ್ತದ ಹನಿಯಂಥ ಕೆಂಪು ಚುಕ್ಕೆಯಿದ್ದರೆ ಬ್ಲಡ್‌ಸ್ಟೋನ್. ಬಿಳಿಯ ಅರೆಪಾರದರ್ಶಕ ಕಲ್ಲಿನೊಳಗೆ ಪಾಚಿ ಬೆಳೆದಂತೆ ಕಂಡರೆ ಮಾಸ್ ಅಗೇಟ್. ಅದು ಪಾಚಿಯಲ್ಲ, ಖನಿಜದ ಎಳೆ. ಗುಲಾಬಿ ಮತ್ತು ಹಸಿರು ಕಲಸಿದ ಉಪ್ಪಿಟ್ಟಿನಂತಿದ್ದರೆ ಯುನಾಕೈಟ್. ಕಡುಹಸಿರು ತಿಳಿಹಸಿರಿನ ಪಟ್ಟೆ ಸುತ್ತುಸುತ್ತಾಗಿದ್ದು ಕೈಗೆ ಭಾರವೆನಿಸಿದರೆ ಮಾಲಕೈಟ್, ತಾಮ್ರದ ಖನಿಜ.

ಹಸಿರು ಕಲ್ಲಿನೊಳಗೆ ಕೆಂಪು ಉಂಡೆಗಳಿವೆ. ಮಾಣಿಕ್ಯವೆಂದು ಅಜ್ಜಿ ಹೇಳುತ್ತಿದ್ದರು. ನಿಜವೇ?

ನಿಜವಿರಬಹುದು! ಅಜ್ಜಿಯ ಮಾತು ಗೆಲ್ಲುವ ಅಪರೂಪದ ಸಂದರ್ಭವಿದು. ಫುಕ್ಸೈಟಿನಲ್ಲಿ ಹುದುಗಿದ ಮಾಣಿಕ್ಯ ಕರ್ನಾಟಕದಲ್ಲಿ ಸಿಗುತ್ತದೆ. ಕೆಂಪು ಹರಳಿನ ಸುತ್ತ ತಿಳಿನೀಲಿಯ ಬಳೆಯಿದ್ದರೆ ಅದು ಕಯನೈಟ್, ಈ ಜೋಡಿಯ ಸಹಿ ಇದ್ದಂತೆ. ಫುಕ್ಸೈಟ್ ಮೆದು, ಮಾಣಿಕ್ಯ ಬಲು ಗಟ್ಟಿ. ಉರುಳಿಸಿದಾಗ ಹಸಿರು ಸವೆದು ಕೆಂಪು ಉಬ್ಬಿ ನಿಲ್ಲುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಇದನ್ನೇ ಹೋಲುವ ಇನ್ನೊಂದು ಕಲ್ಲು ಟಾಂಜಾನಿಯಾದ ಲಾಂಗಿಡೊದ್ದು. ಅದರ ಹಸಿರು ಜೋಯಿಸೈಟ್. ಅದು ಸೂಜಿಗೆ ಜಗ್ಗುವುದಿಲ್ಲ, ಮೈಯಲ್ಲಿ ಕಪ್ಪು ಮಚ್ಚೆಗಳಿರುತ್ತವೆ.

ಅಂಗಡಿಗಳಲ್ಲಿ ನಕಲಿ ನೋಟು ಪತ್ತೆಗೆ ಇಟ್ಟಿರುವ ನೇರಳಾತೀತ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಿಡಿದರೆ ಮಾಣಿಕ್ಯ ಸಾಮಾನ್ಯವಾಗಿ ಕೆಂಡದಂತೆ ಹೊಳೆಯುತ್ತದೆ. ಆದರೆ ಇದರಿಂದ ಮನೆ ಕಟ್ಟಿಸಬಹುದೆಂದು ಎಣಿಸಬೇಡಿ. ಬೆಳಕು ದಾಟದ ಇಂಥ ಮಾಣಿಕ್ಯ ಆಭರಣದ ದರ್ಜೆಯದಲ್ಲ.

ಕೆಂಪು, ಕಿತ್ತಳೆ, ಕಂದು ಬಣ್ಣದವು?

ಬೆಳಕಿಗೆ ಹಿಡಿದರೆ ದೀಪದ ಕುಡಿಯಂತೆ ಕಂಡರೆ ಕಾರ್ನೀಲಿಯನ್, ಬೆಳಕನ್ನು ಪೂರ್ತಿ ತಡೆದರೆ ಜಾಸ್ಪರ್, ಪಟ್ಟೆಯಿದ್ದರೆ ಅಗೇಟ್. ರತನ್‌ಪುರದ ಕಲ್ಲು ಗಣಿಯಿಂದ ಬರುವಾಗ ಬಹುಪಾಲು ಹಳದಿ ಮಿಶ್ರಿತ ಕಂದು. ಬಿಸಿಲಿಗೆ ಒಣಗಿಸಿ, ನಿಧಾನ ಕಾವಿನಲ್ಲಿ ಸುಟ್ಟಾಗ ಒಳಗಿನ ಕಬ್ಬಿಣದ ಅಂಶ ನೀರು ಕಳೆದುಕೊಂಡು ಕೆಂಪಾಗುತ್ತದೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ವಿದ್ಯೆ ಅದು.

ಒಂದು ಮಾತಿನ ತೊಡಕು: ಕೆಲವು ಹಳೆಯ ಪುಸ್ತಕಗಳಲ್ಲಿ ಅಗೇಟನ್ನು ಗೋಮೇದವೆಂದು ಕನ್ನಡಿಸಿದ್ದಾರೆ. ನವರತ್ನದ ಗೋಮೇದ ಜೇನಿನ ಬಣ್ಣದ ಗಾರ್ನೆಟ್. ತಾತನ ಚೀಟಿಯಲ್ಲಿ ‘ಗೋಮೇದ’ ಎಂದಿದ್ದರೆ ಯಾವುದೆಂದು ತಕ್ಕಡಿಯನ್ನು ಕೇಳಿ. ಗಾರ್ನೆಟ್ ಮೂರೂವರೆ ದಾಟುತ್ತದೆ, ಅಗೇಟ್ ದಾಟದು.

ಬೆಕ್ಕಿನ ಕಣ್ಣಿನ ಹಾಗೆ ಬೆಳಕಿನ ಪಟ್ಟಿ ಓಡಾಡುವ ಹಳದಿ ಕಂದು ಕಲ್ಲನ್ನು ವೈಡೂರ್ಯವೆಂದು ನಂಬಿದವರು ಬಹಳ. ಅದು ಹುಲಿಗಣ್ಣು, ಹೆಚ್ಚಿನಂಶ ದಕ್ಷಿಣ ಆಫ್ರಿಕಾದಿಂದ ಬಂದದ್ದು, ಸಾಂದ್ರತೆ ಬೆಣಚಿನದೇ. ನಿಜವಾದ ವೈಡೂರ್ಯ ಸುಮಾರು 3.7 ತೂಗುತ್ತದೆ. ಪಟ್ಟಿ ಅತಿ ಚೂಪಾಗಿದ್ದು ಬಣ್ಣ ಕಣ್ಣು ಕುಕ್ಕುವಂತಿದ್ದರೆ ನಾರುಗಾಜು. ಅದನ್ನು ಪಕ್ಕದಿಂದ ನೋಡಿದರೆ ಜೇನುಗೂಡಿನ ಜಾಲ ಕಾಣುತ್ತದೆ.

ನೀಲಿ?

ನೀಲಿಯಲ್ಲಿ ಚಿನ್ನದ ಚುಕ್ಕೆಗಳು ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಲಾಪಿಸ್ ಲಾಜುಲಿ, ಚುಕ್ಕೆ ಪೈರೈಟಿನದು. ಶತಮಾನಗಳಿಂದ ಬರುವುದು ಆಫ್ಘಾನಿಸ್ತಾನದ ಬಡಖ್ಶಾನ್‌ನಿಂದ. ಚುಕ್ಕೆಯಿಲ್ಲದೆ ಬರಿಯ ಬಿಳಿ ಗೆರೆಗಳಿದ್ದು ಹಗುರವಾಗಿದ್ದರೆ ಸೋಡಲೈಟ್. ಆಕಾಶನೀಲಿಯ ಮೇಲೆ ಕಪ್ಪು ಜೇಡರಬಲೆ ಇರುವುದನ್ನು ಫಿರೋಜಾ ಎಂದು ಕೊಟ್ಟಿರುತ್ತಾರೆ; ಬಹಳ ಸಲ ಅದು ಬಣ್ಣ ಕುಡಿಸಿದ ಹೌಲೈಟ್ ಎಂಬ ಬಿಳಿ ಕಲ್ಲು.

ಕಪ್ಪು ಕಲ್ಲುಗಳನ್ನು ಬೇರೆ ಮಾಡುವುದು ಹೇಗೆ?

ಉಕ್ಕಿನ ಹೊಳಪು, ವಿಪರೀತ ತೂಕ ಇದ್ದರೆ ಹೆಮಟೈಟ್. ಹೊಳಪು ಹಾಕದ ಟೈಲ್ಸ್ ಹಿಂಬದಿಗೆ ಉಜ್ಜಿದರೆ ಕುಂಕುಮಗೆಂಪು ಗೆರೆ ಬರುತ್ತದೆ. ಸಂಡೂರಿನ ಅದಿರಿನ ಲಾರಿ ಹೋದ ರಸ್ತೆ ನೋಡಿದವರಿಗೆ ಆ ಬಣ್ಣ ಗೊತ್ತು. ಅಯಸ್ಕಾಂತಕ್ಕೆ ಛಕ್ಕನೆ ಅಂಟಿದರೆ ಮಾತ್ರ ಅನುಮಾನಿಸಿ, ಅದು ಕಾರ್ಖಾನೆಯ ಫೆರೈಟ್ ಇರುವ ಸಂಭವ ಹೆಚ್ಚು. ಹಗುರವಾಗಿ, ತೆಳು ಅಂಚಿನಲ್ಲಿ ಹೊಗೆಬಣ್ಣದ ಬೆಳಕು ದಾಟಿದರೆ ಅಬ್ಸಿಡಿಯನ್, ಜ್ವಾಲಾಮುಖಿಯ ಗಾಜು. ಎಲ್ಲೆಡೆ ಒಂದೇ ಸಮ ಕಪ್ಪಾಗಿರುವ ‘ಆನಿಕ್ಸ್’ ಬಹುಪಾಲು ಬಣ್ಣದ್ದು. ಅಗೇಟನ್ನು ಸಕ್ಕರೆ ಪಾಕದಲ್ಲಿ ನೆನೆಹಾಕಿ ಆಮೇಲೆ ಗಂಧಕಾಮ್ಲಕ್ಕೆ ಹಾಕಿದರೆ ರಂಧ್ರಗಳೊಳಗಿನ ಸಕ್ಕರೆ ಕರಿಕಾಗುತ್ತದೆ. ಕಲ್ಲಿನೊಳಗೆ ಒಗ್ಗರಣೆ ಸೀದಂತೆ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರು ಅಗೇಟಿಗೆ ಹೀಗೆ ಬಣ್ಣ ಕಟ್ಟುವುದರಲ್ಲಿ ಪಳಗಿದ್ದು.

ಬಣ್ಣ ಹಾಕಿದ್ದೆಂದು ತಿಳಿಯುವುದು ಹೇಗೆ?

ಬಿರುಕುಗಳಲ್ಲಿ ಬಣ್ಣ ಗಾಢವಾಗಿ ನಿಂತಿರುತ್ತದೆ. ಕಣ್ಣು ಚುಚ್ಚುವ ಗುಲಾಬಿ, ಶಾಯಿ ನೀಲಿ, ಗಿಳಿಹಸಿರು ಅಗೇಟುಗಳನ್ನು ನೋಡಿದೊಡನೆ ಶಂಕಿಸಿ. ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಹತ್ತಿ ಅದ್ದಿ ಒರೆಸಿದರೆ ಕೆಲವು ಬಣ್ಣ ಬಿಡುತ್ತವೆ. ಬಿಡದಿದ್ದ ಮಾತ್ರಕ್ಕೆ ನೈಜವೆಂದಲ್ಲ.

ಒಳಗೆಲ್ಲ ಚಿನ್ನದ ಪುಡಿ ಮಿನುಗುವ ಕಂದು ಕಲ್ಲು ಯಾವುದು?

ಗಾಜು. ತಾಮ್ರದ ಸೂಕ್ಷ್ಮ ಹರಳು ಬೆಳೆಸಿದ ಗಾಜು, ಮೂಲದಲ್ಲಿ ಇಟಲಿಯ ವೆನಿಸ್ ಕಡೆಯ ಕುಲುಮೆಗಳ ಕೈಚಳಕ. ಸೂರ್ಯಕಾಂತ ಶಿಲೆಯೆಂದು ಮಾರುತ್ತಾರೆ. ಹಾಲುನೀಲಿಯಾಗಿ, ಬೆಳಕಿಗೆ ಹಿಡಿದರೆ ಕಿತ್ತಳೆಯಾಗುವ ‘ಓಪಲೈಟ್’ ಕೂಡ ಗಾಜೇ. ಎರಡೂ ಚೆಂದ.

ಸ್ಫಟಿಕವೋ ಗಾಜೋ ತಿಳಿಯುವುದಿಲ್ಲ.

ಕೆನ್ನೆಗೆ ಒತ್ತಿ ನೋಡುವ ಹಳೆಯ ಉಪಾಯ ತೀರಾ ಸುಳ್ಳಲ್ಲ: ಸ್ಫಟಿಕ ಹೆಚ್ಚು ಹೊತ್ತು ತಂಪಾಗಿರುತ್ತದೆ. ಗಾಜಿನೊಳಗೆ ದುಂಡು ಗುಳ್ಳೆಗಳಿರಬಹುದು. ಇವೆರಡಕ್ಕಿಂತ ಒಳ್ಳೆಯದೊಂದಿದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಕಣ್ಣ ಮುಂದೆ ತಿರುಗಿಸುತ್ತಾ ಹೋಗಿ, ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಹಾಗೆಯೇ ಹಿಡಿದು, ಪರದೆಗೂ ಕನ್ನಡಕಕ್ಕೂ ನಡುವೆ ಕಲ್ಲನ್ನು ತಂದು ತಿರುಗಿಸಿ. ಕತ್ತಲೆಯ ನಡುವೆ ಕಲ್ಲು ಬೆಳಗಿ, ಮಂಕಾಗಿ, ಮತ್ತೆ ಬೆಳಗಿದರೆ ಸ್ಫಟಿಕ. ಗಾಜು ಸಾಮಾನ್ಯವಾಗಿ ಕತ್ತಲಲ್ಲೇ ಉಳಿಯುತ್ತದೆ. ಗಾರ್ನೆಟ್, ಫ್ಲೋರೈಟ್‌ಗಳೂ ಹಾಗೆಯೇ, ಆದ್ದರಿಂದ ತಕ್ಕಡಿಯ ಅಂಕಿಯನ್ನು ಜೊತೆಗಿಟ್ಟುಕೊಳ್ಳಿ.

ದೇವರ ಪೆಟ್ಟಿಗೆಯಲ್ಲಿದ್ದ ಕಲ್ಲುಗಳೂ ಇಂಥವೇ?

ಇದನ್ನು ಅವಸರದಲ್ಲಿ ತೀರ್ಮಾನಿಸಬೇಡಿ. ಸ್ಮಾರ್ತರ ಮನೆಗಳಲ್ಲಿ ಪಂಚಾಯತನ ಪೂಜೆಯ ಐದು ಶಿಲೆಗಳಿರುತ್ತವೆ. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣ ನದಿಯ ಕೆಂಪು ಕಲ್ಲು, ದೇವಿಗೆ ಸ್ವರ್ಣಮುಖಿಯ ಶಿಲೆ, ಸೂರ್ಯನಿಗೆ ಸ್ಫಟಿಕ. ಅಂದರೆ ನೇಪಾಳದಿಂದ ಆಂಧ್ರದವರೆಗಿನ ನದಿಗಳ ಒಂದು ಪುಟ್ಟ ಶಿಲಾಸಂಗ್ರಹ ದೇವರ ಮನೆಯಲ್ಲೇ ಇತ್ತು. ಐದು ಕಲ್ಲು ಒಂದೇ ಬಟ್ಟಲಲ್ಲಿ, ಮೈಮೇಲೆ ಗಂಧ ಎಣ್ಣೆಯ ಜಿಡ್ಡು ಕಟ್ಟಿಕೊಂಡು ಸಿಕ್ಕಿದರೆ ಅವನ್ನು ಬಿಡಿಸಿ ಬೇರೆ ಬೇರೆ ಡಬ್ಬಿಗೆ ಹಾಕಬೇಡಿ.

ಸಾಲಿಗ್ರಾಮ ಕಪ್ಪು ಜೇಡಿಶಿಲೆಯ ಗಂಟು. ಒಳಗಿನ ಚಕ್ರ ಅಮೊನೈಟ್ ಎಂಬ ಕಡಲಜೀವಿಯ ಅಚ್ಚು. ಹಿಮಾಲಯದ ಜಾಗದಲ್ಲಿ ಸಮುದ್ರವಿದ್ದ ಕಾಲದ್ದು. ಸೂಜಿ, ಆಮ್ಲ ಎರಡನ್ನೂ ದೂರವಿಡಿ. ಪೂಜೆ ಮಾಡುವವರು ಮನೆಯಲ್ಲಿಲ್ಲದಿದ್ದರೆ ಬಳಗದಲ್ಲಿ ಮಾಡುವವರನ್ನು ಕೇಳಿ, ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ಇದರಲ್ಲಿ ಕಲ್ಲೇ ಅಲ್ಲದ್ದೂ ಇರಬಹುದೇ?

ಇರುತ್ತದೆ. ನುಣ್ಣಗಿನ ಬೂದು ಉಂಡೆ ಗಜ್ಜುಗ, ಒಂದು ಮುಳ್ಳುಬಳ್ಳಿಯ ಬೀಜ; ಆಟದ ಕಾಯಿಯಾಗಿ ಬಂದಿರುತ್ತದೆ. ಕೆಂಪಿನ ಮೇಲೆ ಕಪ್ಪು ಬೊಟ್ಟಿನ ಗುಲಗಂಜಿ ಅಕ್ಕಸಾಲಿಗರ ತೂಕದ ಬೀಜ. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಒಂದೇ ಬದಿ ಸವೆದು ಗಾಜಿನಂತಾದ ಅಗೇಟ್ ಸಿಕ್ಕಿದರೆ ಅದು ಆಟಿಕೆಯಲ್ಲ, ಕಸುಬಿನ ಸಲಕರಣೆ. ಚಿನ್ನದ ರೇಕಿಗೆ ಹೊಳಪು ಕೊಡುವವರು, ಮೈಸೂರು ಶೈಲಿಯ ಚಿತ್ರ ಬರೆಯುವವರು ಇಂಥ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ಅಂಥದ್ದನ್ನು ಕಂಡರೆ ಮುತ್ತಾತನ ಕಸುಬು ಏನಿತ್ತೆಂದು ವಿಚಾರಿಸಿ.

ತಾತ ಇವನ್ನು ನಮ್ಮ ಊರಿನಲ್ಲೇ ಆರಿಸಿರಬಹುದೇ?

ಊರು ಯಾವುದು? ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಾದರೆ ಧಾರಾಳವಾಗಿ. ಅಲ್ಲಿಯ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ. ಲಾವಾದ ಗುಳ್ಳೆಗಳಲ್ಲಿ ಸಿಲಿಕಾ, ಅಂದರೆ ಬೆಣಚಿನ ದ್ರವ್ಯ, ತುಂಬಿಕೊಂಡು ಅಗೇಟ್ ಮತ್ತು ಅದರ ಪಟ್ಟೆಯಿಲ್ಲದ ಬಂಧು ಕ್ಯಾಲ್ಸೆಡನಿ ಆಗಿದೆ. ಶಿಲೆ ಸವೆದಂತೆ ಅವು ಉದುರಿ ಭೀಮಾ, ಕೃಷ್ಣೆಯರ ಜಲ್ಲಿಗೆ ಸೇರುತ್ತವೆ. ಬೂದುಬಿಳಿ, ಜೇನುಬಣ್ಣದ, ಹೊಳಪಿಲ್ಲದ ನುಣುಪು ಕಲ್ಲುಗಳಾದರೆ ಹೊಳೆದಂಡೆಯವೇ. ಹಾಸನ, ತುಮಕೂರು, ಕೋಲಾರದಲ್ಲಿ ಅಗೇಟ್ ಸಿಕ್ಕಿತೆಂದರೆ ಯಾರೋ ತಂದದ್ದು. ಆ ಕಡೆಯ ನೆಲ ಬೇರೆ, ಬಿಳಿ ಬೆಣಚು ಬೇಕಾದಷ್ಟಿದೆ.

ಎಷ್ಟು ಬೆಲೆ ಬಾಳುತ್ತವೆ?

ಉರುಳಿಸಿದ ಕಲ್ಲುಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಒಳ್ಳೆಯ ರತ್ನದ ಹರಳನ್ನು ಯಾರೂ ಪೀಪಾಯಿಗೆ ಹಾಕಿ ಅರ್ಧ ಸವೆಸುವುದಿಲ್ಲ, ಅದನ್ನು ಕೈಯಲ್ಲಿ ಕೊರೆಯುತ್ತಾರೆ. ‘ಅಪರೂಪದ್ದು, ಪರೀಕ್ಷೆಗೆ ಮುಂಗಡ ಕೊಡಿ’ ಎನ್ನುವವರಿಂದ ದೂರವಿರಿ. ತೂತಿರುವ ಹಳೆಯ ಮಣಿಗಳ ವಿಷಯ ಬೇರೆ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸಬಹುದು, ಮಾರುವ ಮುನ್ನ ಕೇಳಿ ತಿಳಿಯಿರಿ.

ಫೋಟೊ ಕಳಿಸಿದರೆ ಹೇಳುತ್ತೀರಾ?

ಊಹೆ ಹೇಳುತ್ತೇನೆ, ಹೆಸರು ಹೇಳುವುದಿಲ್ಲ. ಮೊಬೈಲ್ ಆ್ಯಪ್‌ಗಳೂ ಊಹೆಯನ್ನೇ ಹೇಳುವುದು, ನನಗಿಂತ ಧೈರ್ಯವಾಗಿ. ಒಣ ಕಲ್ಲನ್ನು ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ನಾಣ್ಯವಿಟ್ಟು, ಒಮ್ಮೆ ಮೇಲಿನಿಂದ, ಒಮ್ಮೆ ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆಯಿರಿ. ಸಾಂದ್ರತೆಯ ಅಂಕಿ ಬರೆದು ಕಳಿಸಿದರೆ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ.

ಖಚಿತವಾಗಬೇಕೆಂದರೆ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಹೋಗಿ. ಮೈಸೂರು, ಬೆಂಗಳೂರು, ಧಾರವಾಡದಲ್ಲಿವೆ. ರತ್ನಪರೀಕ್ಷಾ ಪ್ರಯೋಗಾಲಯಕ್ಕೆ ಶುಲ್ಕವಿದೆ. ತಕ್ಕಡಿಯಲ್ಲಿ 3.5 ದಾಟಿದ, ಬೆಳಕು ದಾಟುವ ಕಲ್ಲಿಗೆ ಮಾತ್ರ ಆ ಖರ್ಚು ಮಾಡಿ.

ತೊಳೆಯುವುದು ಹೇಗೆ?

ತಣ್ಣೀರು, ಒಂದು ಹನಿ ಸೋಪು, ಮೆತ್ತಗಿನ ಬ್ರಷ್. ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಬೆಳಗುವ ಪುಡಿ ಮುಟ್ಟಿಸಬೇಡಿ. ದೀಪದ ಕಂಬಕ್ಕೆ ಒಳ್ಳೆಯದು ಮಾಲಕೈಟಿಗೆ, ಕ್ಯಾಲ್ಸೈಟಿಗೆ, ಅಮೃತಶಿಲೆಗೆ ಕೆಟ್ಟದ್ದು. ಹುಳಿ ಹೊಳಪನ್ನು ತಿನ್ನುತ್ತದೆ. ಬಿಸಿಲಿನಲ್ಲಿ ಒಣಗಿಸುವುದೂ ಬೇಡ. ಅಮೆಥಿಸ್ಟ್ ಕಿಟಕಿಯಲ್ಲಿ ವರ್ಷಗಟ್ಟಲೆ ಕುಳಿತರೆ ಬಣ್ಣ ಮಾಸುತ್ತದೆ.

ಈ ಕಲ್ಲುಗಳನ್ನು ಹಾಕಿಟ್ಟ ನೀರು ಕುಡಿದರೆ ಆರೋಗ್ಯಕ್ಕೆ ಒಳ್ಳೆಯದಂತೆ?

ಬೇಡ. ಮಾಲಕೈಟಿನಲ್ಲಿ ತಾಮ್ರವಿದೆ, ಹೆಸರು ಗೊತ್ತಿಲ್ಲದ ಕಲ್ಲಿನಲ್ಲಿ ಏನಿದೆಯೋ. ಬಣ್ಣ ಕಟ್ಟಿದ್ದಾದರೆ ಆ ಬಣ್ಣವೂ ನೀರಿಗೆ ಇಳಿಯುತ್ತದೆ. ಗ್ರಹದೋಷಕ್ಕೆ ಯಾವ ಕಲ್ಲು ಎಂದೂ ಕೇಳುತ್ತಾರೆ. ಅದು ನನ್ನ ಪಾಠದ ವಿಷಯವಲ್ಲ.

ಎಲ್ಲ ಮಾಡಿಯೂ ಹೆಸರು ಸಿಗದ ಕಲ್ಲುಗಳನ್ನು ಏನು ಮಾಡಲಿ?

ಹೆಸರಿಲ್ಲದೆಯೇ ಚೀಟಿ ಬರೆಯಿರಿ. ಕಂಡದ್ದನ್ನು, ಅಳೆದದ್ದನ್ನು, ಯಾವ ಪೊಟ್ಟಣದಲ್ಲಿತ್ತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಹಬ್ಬುತ್ತದೆ. ಮೊಮ್ಮಕ್ಕಳಿಗೆ ಹಂಚುವುದಾದರೂ ಹಂಚುವ ಮೊದಲು ಬರೆಯಿರಿ. ನಮ್ಮ ತಾತನ ಕಲ್ಲುಗಳಲ್ಲಿ ಮೂರಕ್ಕೆ ಇವತ್ತಿಗೂ ಹೆಸರಿಲ್ಲ. ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅದರ ಚೀಟಿ ಹೀಗಿದೆ: ‘ಬೂದುಹಸಿರು. 18.6 ಗ್ರಾಂ. ಸಾಂದ್ರತೆ 3.1. ಸೂಜಿಗೆ ಜಗ್ಗದು. ಅಯಸ್ಕಾಂತಕ್ಕೆ ಅಂಟದು. ತಾತನ ನಶ್ಯದ ಡಬ್ಬಿಯಲ್ಲಿ ಇದೊಂದೇ ಇತ್ತು.’